ಶ್ರದ್ಧಾಂಜಲಿಗೊಂದು ತಿದ್ದುಪಡಿ

ಮಾರ್ಚ್ 3, ಬೆಳಗ್ಗೆ 8.40
ಈ ದಿನವನ್ನು ಚರಿತ್ರೆ ನೆನಪಿಟ್ಟುಕೊಳ್ಳತಕ್ಕದ್ದು. ನನ್ನ ಕುರ್ಚಿಯ ಕಿರುಗುಟ್ಟುವಿಕೆ ನಿಂತಿತು. ಹೊಲಿಗೆ ಮಷೀನಿನ ಎಣ್ಣೆ, ಎರಡೇ ಹನಿ.
ಆ ದಿವ್ಯ ಮೌನದಲ್ಲಿ ಕೂತು ವಾರದ ಇ-ಪತ್ರಿಕೆ ಕಟ್ಟಿದೆ. ಪ್ರೋಗ್ರಾಮಿಂಗ್ ಭಾಷೆ ಕಟ್ಟುವವರಿಗೆ ಮೂರು ಟೂಲ್, ಐದು ಟಿಪ್ಸ್, ಒಂದು ಪುಟ ನಮ್ಮ ಬಳಗದ ಸುದ್ದಿ. ಸುದ್ದಿಯ ಪುಟ ಅರ್ಧ ಖಾಲಿ.

ಮಾರ್ಚ್ 4
ಖಾಲಿ ತುಂಬಿತು. ಬಳಗದವರೆಲ್ಲ 'ಅಕ್ಕ' ಅನ್ನುವವರಿಗೆ ಶ್ರದ್ಧಾಂಜಲಿ. ಅಡ್ಡಾದಿಡ್ಡಿ ಕೋಡನ್ನು ಒಪ್ಪವಾಗಿ ಜೋಡಿಸುವ ಟೂಲನ್ನು ಹತ್ತೊಂಬತ್ತು ವರ್ಷ ಒಬ್ಬರೇ ಸಾಕಿದವರು. ನಮ್ಮಲ್ಲಿ ಯಾರೂ ಮುಖ ನೋಡಿಲ್ಲ. ಎಂಟು ತಿಂಗಳಿಂದ ಎರಡು ಮೇಲ್‌ಗೂ ಉತ್ತರವಿಲ್ಲ. ಚಾಟ್ ಗುಂಪಿನಲ್ಲಿ ಯಾರೋ "ತೀರಿಕೊಂಡಿರಬೇಕು" ಅಂದರು. ನನಗೆ ಅಷ್ಟು ಸಾಕಾಯಿತು. ಬರೆಯುತ್ತಾ ಕಣ್ಣೀರೂ ಬಂತು.
ತಪ್ಪು ತಿದ್ದುವುದು ಮನೆಯವಳ ಇಲಾಖೆ. ಓದಿ ತಲೆ ಎತ್ತಿದಳು.
"ಯಾರು ಹೇಳಿದ್ದು?"
"ಎಲ್ಲರೂ."
"ಒಂದು ಫೋನಾದ್ರೂ ಮಾಡಿ ವಿಚಾರಿಸಿದ್ರಾ?"
"ನೀನು ಕಾಮಾ ನೋಡ್ಕೋ, ಸಾಕು."
ಕಾಮಾ ನೋಡಿದಳು. ಆಮೇಲೆ ನನ್ನನ್ನು ನೋಡಲಿಲ್ಲ.

ಮಾರ್ಚ್ 13
ನೂರೆಂಬತ್ತು ಸಂತಾಪ ಬಂದಿವೆ. ಮನೆಯಲ್ಲಿ ಮಾತಿಲ್ಲ.
ಟೂಲಿನ ಹೊಸ ಆವೃತ್ತಿ ಬಿಡುವ ಅಧಿಕಾರವನ್ನು ಬಳಗದ ಸಮಿತಿ ಒಬ್ಬ ಉತ್ಸಾಹಿಗೆ ಒಪ್ಪಿಸಿತು. ಸೋಮವಾರ ಬಿಡುಗಡೆ. ಯಾರೂ ಬಳಸದ್ದನ್ನೆಲ್ಲ ಕಿತ್ತುಹಾಕುತ್ತಾನಂತೆ. ಮೊದಲ ಬಲಿ, ಸಾಲುಗಳನ್ನು ಅಗಲಗಲ ಬಿಡಿಸಿ ತೋರಿಸುವ ಸೌಲಭ್ಯ. ಟಿಪ್ಸ್ ಪುಟದಲ್ಲಿ ಅವನನ್ನು ಹೊಗಳಿದೆ.

ಮಾರ್ಚ್ 14, ಬೆಳಗ್ಗೆ 11.05
ಓದುಗರ ಪತ್ರಗಳ ನಡುವೆ ಒಂದು ಮೇಲ್. ಅಕ್ಕನ ಹಳೆಯ ವಿಳಾಸದಿಂದ. ಲೋಟದ ಕಾಫಿ ಕೀಬೋರ್ಡಿಗೆ.
"ಎರಡನೆಯ ಪುಟ, ಹದಿನಾಲ್ಕನೆಯ ಸಾಲು ತಪ್ಪು. ನಾನು ಬದುಕಿದ್ದೇನೆ. ಹದಿನೈದನೆಯ ಸಾಲಿನ ಹೊಗಳಿಕೆ ಹಾಗೇ ಇರಲಿ."
ಕೆಳಗೆ ಫೋನ್ ನಂಬರು.

11.50
ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು.
"ಯಾರು?" ಎಪ್ಪತ್ತರ ದನಿ.
"ನಾನು... ನಿಮ್ಮನ್ನ ಸಾಯಿಸಿದವನು."
"ಓ, ನೀವಾ. ಚೆನ್ನಾಗಿ ಬರೀತೀರಪ್ಪ."
ಅವರಿಗೆ ಎರಡು ಸಲ ಕಣ್ಣಿನ ಆಪರೇಷನ್ ಆಯಿತಂತೆ. ಸ್ಕ್ರೀನ್ ಕಡೆ ತಿರುಗಿ ನೋಡಬೇಡಿ ಅಂದಿದ್ದರು ಡಾಕ್ಟರು. ಈಗ ಸಾಲುಗಳು ಒಂದರ ಮೇಲೊಂದು ಹತ್ತಿದಂತೆ ಕಾಣುತ್ತವೆ. ಅಗಲ ಬಿಡಿಸಿದರೆ ಮಾತ್ರ ಓದಬಲ್ಲರು.
"ಅದನ್ನ ಯಾರೂ ಬಳಸಲ್ವಂತೆ. ನಾನು ಬಳಸ್ತೀನಪ್ಪ. ನನ್ನ ಟೂಲು ನನಗೆ ಕೊಡಿ ಅಂದ್ರೆ, ಬದುಕಿದ್ದೀರಿ ಅಂತ ಮೂವರು ಸದಸ್ಯರು ಹೇಳಲಿ ಅಂತಾರೆ ನಿಮ್ಮ ಸಮಿತಿಯವರು. ನಿಮ್ಮಲ್ಲಿ ನನಗ್ಯಾರು ಗೊತ್ತು?"
ಮನೆಯವಳು ಫೋನ್ ಕಿತ್ತುಕೊಂಡಳು. ಅರ್ಧ ಗಂಟೆ ಮಾತಾಡಿದಳು, ನಕ್ಕಳು. ಮುಗಿದ ಮೇಲೆ ಫೋನನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟಳು.

ಮಾರ್ಚ್ 15, ಸಂಜೆ 6
ಬಿಡುಗಡೆ ನಾಳೆ ಬೆಳಗ್ಗೆ ಎಂಟಕ್ಕೆ, ತಾನಾಗಿಯೇ ಆಗುತ್ತದೆ. ಉತ್ಸಾಹಿ ಟೈಮರ್ ಇಟ್ಟು, ಫೋನ್ ಆಫ್ ಮಾಡಿ ಪ್ರವಾಸ ಹೊರಟಿದ್ದಾನೆ. ಬಳಗದ ವೆಬ್ ಪುಟದಲ್ಲಿ 'ಬದುಕಿದ್ದಾರೆ' ಎಂದು ಒತ್ತಿದವರು ಇಬ್ಬರು: ನಾನು, ಸಮಿತಿಯ ಅಧ್ಯಕ್ಷರು. ಮೂರನೆಯವರು ಒತ್ತಿದರೆ ಟೂಲು ಅಕ್ಕನ ಕೈಗೆ, ಬಿಡುಗಡೆ ನಿಲ್ಲುತ್ತದೆ; ಆದರೆ ಮೂರನೆಯವರಿಲ್ಲ. ಅಕ್ಕನ ದನಿಯನ್ನಾದರೂ ಕೇಳಿದವರೇ ಆಗಬೇಕು, ಅದು ನಿಯಮ. ಭಾನುವಾರ, ಯಾರೂ ಫೋನ್ ಎತ್ತುತ್ತಿಲ್ಲ.
ಪತ್ರಿಕೆಯಲ್ಲಿ ಒಂದು ತಪ್ಪು ತಿದ್ದಿದವರೂ ಬಳಗದ ಸದಸ್ಯರೇ. ನಾಲ್ಕು ವರ್ಷದಿಂದ ತಿದ್ದುತ್ತಿರುವವಳು ಈ ಮನೆಯಲ್ಲೇ ಇದ್ದಾಳೆ.
ಕೇಳಲೆಂದು ಅಡುಗೆಮನೆ ಬಾಗಿಲಲ್ಲಿ ನಿಂತೆ. ಈರುಳ್ಳಿ ಹೆಚ್ಚುತ್ತಿದ್ದಳು.
"ಕಾಮಾ ನೋಡ್ತಿದ್ದೀನಿ," ಅಂದಳು.

ರಾತ್ರಿ 9
ಈ ದಿನಚರಿಯನ್ನು ಯಾರೂ ಓದುವುದಿಲ್ಲ ಅಂದುಕೊಂಡಿದ್ದೆ. ಮಾರ್ಚ್ ನಾಲ್ಕರ ಪುಟದಲ್ಲಿ ಪೆನ್ಸಿಲಿನಲ್ಲಿ ಎರಡು ಕಾಮಾ ಬಿದ್ದಿವೆ. ನಾನು ಹಾಕಿದ್ದಲ್ಲ.
ಹಾಗಾದರೆ ಇದನ್ನೂ ಓದುತ್ತೀಯ. ವಿಚಾರಿಸಬೇಕಿತ್ತು. ನೀನು ಹೇಳಿದ್ದು ಸರಿ.
ಲ್ಯಾಪ್‌ಟಾಪ್ ತೆರೆದಿಟ್ಟು ಮಲಗುತ್ತೇನೆ. ನಿನ್ನ ಅಕೌಂಟಿನಿಂದ, 'ಬದುಕಿದ್ದಾರೆ' ಅನ್ನುವ ಕಡೆ ಒಂದು ಸಲ ಒತ್ತಿಬಿಡು. ಕುರ್ಚಿ ಕಿರುಗುಟ್ಟುವುದಿಲ್ಲ, ನೀನು ಬಂದು ಕೂತದ್ದು ನನಗೆ ಗೊತ್ತೂ ಆಗುವುದಿಲ್ಲ. ಬೆಳಗ್ಗೆ ಎಂಟರೊಳಗೆ, ದಯವಿಟ್ಟು.