ಸಾಕ್ಷಿ ಮೇಯುವ ಮೇಕೆ

ಗುಡ್ಡೆಯ ಮೇಲೆ ಕೂತಿರುವ ಮುತ್ತಕ್ಕನಿಗೆ, ಕೆಳಗೆ ಗುಂಡಿಯಲ್ಲಿ ನಿಂತು ತಮ್ಮ ಬೈರೇಶ ಬರೆಯುತ್ತಿರುವುದು.

ಕರೆಂಟ್ ಕಂಬದ ಪಕ್ಕದಲ್ಲೇ ಇದ್ದರೂ ನಿನ್ನ ಫೋನಿಗೆ ಚಾರ್ಜ್ ಇಲ್ಲ. ಏಣಿ ಮೇಲಕ್ಕೆಳೆದುಕೊಂಡಿದ್ದೀಯ. ಕೂಗಿದರೆ "ಕೇಳ್ಸಲ್ಲ ಹೋಗೋ" ಅನ್ನುತ್ತೀಯ. ಅದಕ್ಕೇ ನೀನು ಹಗ್ಗದಲ್ಲಿ ಸೇದಿಕೊಳ್ಳುವ ಊಟದ ಕ್ಯಾರಿಯರ್‌ನಲ್ಲಿ ಈ ಕಾಗದ. ನಿಂತಲ್ಲೇ ಓದಬೇಡ. ಮೊದಲು ಏಣಿಯ ಕಡೆಗೆ, ಪಡುವಣಕ್ಕೆ ಸರಿದು ಕೂತುಕೋ. ಯಾಕೆಂದು ಹೇಳುತ್ತೇನೆ.

ನಿನ್ನ ಮಗಳು ಅರ್ಪಿತಳ ಬಾಣಂತನ ಮುಗಿಸಿ ನೀನು ಸಮೇತನಹಳ್ಳಿಗೆ ವಾಪಸ್ ಬಂದಾಗ ಹೊಲವೇ ಇರಲಿಲ್ಲ. ಪಕ್ಕದ ಜಮೀನಿನ ಮಣ್ಣು ತೆಗೆಯಲು ಗುತ್ತಿಗೆ ಹಿಡಿದ ಕಂಟ್ರಾಕ್ಟರ್ ಬದು ದಾಟಿ ನಿನ್ನದನ್ನೂ ಬಗೆದು ಲಾರಿಗೆ ತುಂಬಿದ್ದ. ಕಂಬ ಬೀಳಬಾರದೆಂದು ಅದರ ಸುತ್ತ ಒಂದು ತುಂಡು ಮಾತ್ರ ಬಿಟ್ಟಿದ್ದ. ಎರಡಾಳೆತ್ತರ, ಗೋಡೆಯಂಥ ಪಕ್ಕೆ, ಚಪ್ಪಟೆ ನೆತ್ತಿ. ನನ್ನ ಮಗಳು ಸಿಂಚನ ಭೂಗೋಳದ ಪುಸ್ತಕ ತಂದು, "ಅಪ್ಪಾ, ಅತ್ತೆ ಗುಡ್ಡೆ ಇದ್ರಲ್ಲೂ ಐತೆ ನೋಡು" ಎಂದಳು. ಮರುಭೂಮಿಯ ಚಿತ್ರ. ಗಾಳಿ, ನೀರು ಸುತ್ತಲಿನ ಮೆದು ನೆಲವನ್ನೆಲ್ಲ ತಿಂದ ಮೇಲೆ, ತಲೆ ಗಟ್ಟಿಯಿದ್ದದ್ದಕ್ಕೆ ಉಳಿದುಕೊಂಡ ಒಂಟಿ ಗುಡ್ಡ. ದಾರಿಹೋಕರಿಗೆ ಅದೇ ಗುರುತಂತೆ. ತಲೆ ಗಟ್ಟಿ ಅಂದ ಕೂಡಲೇ ನಿನ್ನ ನೆನಪಾಯಿತು. ಗುರುತಂತೂ ಆಗಿಬಿಟ್ಟಿದ್ದೀಯ: ಆಟೋದವರು "ಮುತ್ತಕ್ಕನ ಗುಡ್ಡೆ, ಇಳೀರಿ" ಅನ್ನುತ್ತಿದ್ದಾರೆ.

"ಇದು ಮೊದ್ಲಿಂದ್ಲೂ ಹಳ್ಳನೇ ಕಣಮ್ಮೋ, ಕಂಬಕ್ಕೆ ಅಂತ ನಾವೇ ಮಣ್ಣು ಗುಡ್ಡೆ ಹಾಕಿದ್ದು" ಎಂದು ಆ ಕಂಟ್ರಾಕ್ಟರ್ ಸಾಧಿಸುತ್ತಾನೆ. ಸರ್ವೆಯವರು ಬರುವುದರೊಳಗೆ ಇದನ್ನೂ ಮಟ್ಟ ಮಾಡಿಬಿಟ್ಟಾನೆಂದು ನೀನು ಹತ್ತಿ ಕೂತೆ. ಸರಿಯೇ. ಕೆರೆ ಮಣ್ಣಿನ ಕೆಲಸದಲ್ಲಿ ಆಳ ಅಳೆಯುವುದಕ್ಕೆಂದು ಅಪ್ಪ ನಡುವೆ ಹೀಗೇ ಒಂದು ಸಾಕ್ಷಿಗುಡ್ಡೆ ಬಿಡುತ್ತಿದ್ದನಲ್ಲ. "ನೆತ್ತಿ ಮೇಲಿನ ಹುಲ್ಲು ಮುಟ್ಟಬ್ಯಾಡ್ರೋ. ಹುಲ್ಲಿದ್ರೆ ತಾನೆ ಹಳೇ ನೆಲ ಅಂತ ನಂಬೋದು!" ಎಂದು ಗದರುತ್ತಿದ್ದ. ಆದರೆ ಅಕ್ಕಾ, ಜೊತೆಗೆ ಹತ್ತಿಸಿಕೊಂಡೆಯಲ್ಲ, ಆ ಮೇಕೆ? ಮೂಡಣ ಭಾಗ ಆಗಲೇ ಬೋಳು. ನೀನು ಸಾಕ್ಷಿ ಕಾಯುತ್ತಿದ್ದೀಯ, ಅದು ಸಾಕ್ಷಿ ಮೇಯುತ್ತಿದೆ.

"ಪ್ರಾಸ ಸಾಕು ಕಣೋ ಬೈರ" ಅನ್ನಬೇಡ. ಹೆದರಿದಾಗ ನನಗೆ ಅದೇ ಊರುಗೋಲು. ನೀನು ಮಲಗುವ ಟಾರ್ಪಾಲಿನ ಅಡಿಯಲ್ಲಿ ನೆಲವಿಲ್ಲ ಅಕ್ಕಾ. ಮೇಲಿಂದ ಕಾಣುವುದಿಲ್ಲ. ಬೆಳಗಿನ ಮಳೆಗೆ ಮೂಡಣ ಪಕ್ಕೆ ಜರಿದು, ಒಳಗೆ ಪೊಟರೆಯಾಗಿದೆ. ಈ ಸಾಲು ಬರೆಯುವಾಗಲೂ ಒಂದು ಹೆಂಟೆ ಬಿತ್ತು. ಮೋಡ ಮತ್ತೆ ಕಟ್ಟುತ್ತಿದೆ.

ಗುಡ್ಡೆ ಸಾಕ್ಷಿ, ಹುಲ್ಲು ಸಾಕ್ಷಿ. ನೀನಲ್ಲ. ಪಡುವಣದ ಕಡೆ ಇನ್ನೂ ಗಟ್ಟಿಯಿದೆ, ಹುಲ್ಲೂ ಇದೆ. ಅಳೆಯಲು ಅಷ್ಟು ಸಾಕು. ಯಂತ್ರ ಬಂದರೆ ಅದರ ಮುಂದೆ ನಾನೂ ನಿನ್ನ ಅಳಿಯ ಭೀಮರಾಜನೂ ಮಲಗುತ್ತೇವೆ. ನನ್ನ ಹೊಟ್ಟೆ ನೋಡಿ ಡ್ರೈವರ್ ಇನ್ನೊಂದು ಗುಡ್ಡೆ ಅಂದುಕೊಳ್ಳದಿದ್ದರೆ ಸಾಕು.

ಕ್ಯಾರಿಯರ್‌ನಲ್ಲಿ ಮುದ್ದೆ ಹುಡುಕಬೇಡ. ಈ ಸಲ ಕಾಗದ ಮಾತ್ರ. ಬಿಸಿ ಮುದ್ದೆ, ಉಪ್ಸಾರು ಕೆಳಗೆ ನನ್ನ ಪಕ್ಕದಲ್ಲಿದೆ. ಮೇಕೆಯನ್ನು ಕಂಕುಳಲ್ಲಿ ಎತ್ತಿಕೋ. ಹಟ ಮಾಡಿದರೆ ಬಿಟ್ಟು, ನೀನಾದರೂ ಇಳಿ. ಏಣಿ ಬಿಡಕ್ಕಾ.

ನೀನು ಇಳಿಯುವಷ್ಟು ಹೊತ್ತು ನಿನ್ನ ಹೊಲದ ಮಣ್ಣು ನಿನ್ನ ಕಾಲು ಬಿಡದಿರಲಿ.

ಏಣಿ ಹಿಡಿಯಲು ಎರಡೂ ಕೈ ಖಾಲಿ ಮಾಡಿಕೊಂಡು ನಿಂತಿರುವ,
ನಿನ್ನ ಬೈರ