ಅರವಟ್ಟಿಗೆಯ ನೀರು ಕುಡಿದ ಗಾಡಿ

ಬಬಲೇಶ್ವರ
೨೪ ಏಪ್ರಿಲ್ ೨೦೨೫, ಗುರುವಾರ

ಪ್ರೀತಿಯ ತಮ್ಮ ಸಮ್ಯಕ್‌ಗೆ ಅಕ್ಕನ ಜೈಭೀಮ್.

ಆದ ಅನ್ಯಾಯವನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ನಿನ್ನ ಯೋಗಕ್ಷೇಮ ಕೇಳುತ್ತೇನೆ. ಮೊನ್ನೆ ಮಂಗಳವಾರ, ಏಪ್ರಿಲ್ ಇಪ್ಪತ್ತೆರಡರಂದು, ನೀನು ರೋಗಿಗಳಿಗಾಗಿ ನಮ್ಮೂರ ಸಹಾಯ ಸಮಿತಿಗೆ ಕೊಟ್ಟುಹೋದ ಕಾರು ಡಯಾಲಿಸಿಸ್‌ಗೆ ಹೊರಟಿದ್ದ ನಮ್ಮ ಅವ್ವನನ್ನು ಒಳಗೆ ಕೂರಿಸಿಕೊಂಡು, ಟಿಕೋಟಾ ದಾಟಿದ ಮೇಲೆ ನಡುರಸ್ತೆಯಲ್ಲಿ ಕುದ್ದು ನಿಂತಿತು. ಇದನ್ನು ನಾನು ಆಕಸ್ಮಿಕ ಎಂದು ಕರೆಯುವುದಿಲ್ಲ. ನೀನು ಊರು ಬಿಟ್ಟ ವರ್ಷ ಹಾಕಿಸಿದ್ದ ಕೂಲಂಟನ್ನು, ಎಂದರೆ ಎಂಜಿನ್ನನ್ನು ತಂಪಾಗಿಡುವ ದ್ರವವನ್ನು, ಇವತ್ತಿನವರೆಗೆ ಯಾರೂ ಬದಲಿಸಿಲ್ಲ, ಆದ್ದರಿಂದಲೇ ಹೀಗಾಯಿತು. ಅವ್ವ ಈಗ ಮನೆಯಲ್ಲಿದ್ದಾಳೆ, ಉಸಿರಾಟ ಸರಿಯಾಗಿದೆ, ನೀನು ಗಾಬರಿಯಾಗಬೇಡ. ಗಾಬರಿಯೆಲ್ಲ ನನ್ನ ಪಾಲಿಗೇ ಇರಲಿ.

ನೀನು ಹೇಗಿದ್ದೀ? ಹೋದ ಪತ್ರದಲ್ಲಿ ಬರೆದಿದ್ದ ಒಣಕೆಮ್ಮು ಬಿಟ್ಟಿತೇ? ಗಡಿಯ ರಸ್ತೆ ಕೆಲಸದವರಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಸಾಲುವುದಿಲ್ಲವೆಂದು ನನಗೆ ಗೊತ್ತು. ಇನ್ನೆರಡು ಜೊತೆ ಕಳಿಸುತ್ತಿದ್ದೇನೆ, ಬೇರೆಯವರಿಗೆ ದಾನ ಮಾಡಬೇಡ. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿಯೂ ಇದೆ. ನಿಮ್ಮ ಶಿಬಿರದಲ್ಲಿ ಫೋನು ಸಿಗುವುದಿಲ್ಲವೆಂದು ಮೊದಲೆಲ್ಲ ಬೇಸರವಾಗುತ್ತಿತ್ತು. ಈ ಸಲ ಸಮಾಧಾನವಾಗಿದೆ, ಏಕೆಂದರೆ ಫೋನಿನಲ್ಲಾಗಿದ್ದರೆ ನಾನು ಬರೀ ಅತ್ತುಬಿಡುತ್ತಿದ್ದೆ. ಪತ್ರದಲ್ಲಾದರೆ ಒಂದೊಂದನ್ನೇ ವಿಚಾರ ಮಾಡಿ ಹೇಳಬಹುದು.

ಮಂಗಳವಾರ ಡ್ರೈವರ್ ಲಾಡಲೇಸಾಬ ಎಂದಿನಂತೆ ಬೆಳಿಗ್ಗೆಯೇ ಬಂದ. ಅವ್ವನ ಜೊತೆ ನಾನೂ ಹೊರಟೆ. ಇಲ್ಲಿಂದ ಅವ್ವ, ಟಿಕೋಟಾದಿಂದ ಮಾಬುಬಿ ಚಿಗವ್ವ, ಇಬ್ಬರಿಗೂ ವಿಜಯಪುರದಲ್ಲಿ ಒಂದೇ ಪಾಳಿ. ಮಾಬುಬಿಯನ್ನು ನೀನು ನೋಡಿಲ್ಲ. ಅವ್ವನ ಪಕ್ಕದ ಹಾಸಿಗೆಯಾಕೆ, ಬಾಯಿ ತೆರೆದರೆ ಆಸ್ಪತ್ರೆಯೆಲ್ಲ ನಗಬೇಕು. ಕಾರಿಗೆ ಹತ್ತುತ್ತಲೇ, "ಯವ್ವಾ, ಇವತ್ತ ಗಾಡಿಯಾಗ ಬೆಲ್ಲ ಕಾಸಾಕತ್ತಾರೇನ ಬೇ? ವಾಸನಿ ಹಂಗ ಬರಾಕತ್ತೈತಿ" ಎಂದಳು. ನಾವೆಲ್ಲ ನಕ್ಕೆವು. ನನ್ನ ಮೂಗಿಗೂ ಆ ಸಿಹಿ ವಾಸನೆ ಬಡಿದಿತ್ತು. ಅದು ಎಲ್ಲಿಂದಲೋ ಸೋರುತ್ತಿರುವ ಕೂಲಂಟಿನ ವಾಸನೆಯೆಂದು ಯಾರಿಗೂ ಹೊಳೆಯಲಿಲ್ಲ. ಟಿಕೋಟಾ ಬಿಟ್ಟು ದ್ರಾಕ್ಷಿ ತೋಟಗಳ ನಡುವೆ ಹೋಗುವಾಗ ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. ಲಾಡಲೇಸಾಬ ಅದರ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದ, ತಟ್ಟಿದರೆ ಆರುತ್ತದೆ ಎನ್ನುವ ಹಾಗೆ. ನೋಡನೋಡುತ್ತ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದು ಮುಂದಿನ ರಸ್ತೆಯೇ ಕಾಣದಾಯಿತು. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಲಾಡಲೇಸಾಬ ಗಾಡಿಯನ್ನು ಹೇಗೆ ಬದಿಗೆ ತಂದು ನಿಲ್ಲಿಸಿದನೋ ನನಗೆ ನೆನಪಿಲ್ಲ. ನೆನಪಿರುವುದು ಅವ್ವನ ಕೈ ಮಾತ್ರ. ಸೂಜಿ ಚುಚ್ಚುವ ಆ ಎಡಗೈಯನ್ನು ಅವಳು ಎದೆಗೆ ಒತ್ತಿಕೊಂಡಿದ್ದಳು, ಏನಾದರೂ ಆಗಲಿ ಇದಕ್ಕೊಂದು ಪೆಟ್ಟಾಗಬಾರದು ಎನ್ನುವ ಹಾಗೆ.

ಲಾಡಲೇಸಾಬ ಕೊರಳ ಟವೆಲ್ಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೋದ. ಮಾಬುಬಿ ಕಿಟಕಿಯಿಂದಲೇ, "ಲೇ ಲಾಡಲೇ, ಕೈ ತಗೀ. ಮಾರಿ ಸುಟ್ಕೊಂಡ್ರ ನಿನಗ ಯಾರು ಹೆಣ್ಣ ಕೊಡ್ತಾರ?" ಎಂದು ಬೈದಳು. ಮೂರು ಮಕ್ಕಳ ತಂದೆ ಅವನು, ಆದರೂ ಕೈ ಹಿಂದೆ ತೆಗೆದುಕೊಂಡ. ಅಷ್ಟಕ್ಕೆ ಅವನ ಮುಖ ಉಳಿಯಿತು. ನಾನು ನಗಲೂ ಇಲ್ಲ, ಅಳಲೂ ಇಲ್ಲ. ಅವ್ವನ ಉಸಿರನ್ನೇ ನೋಡುತ್ತ ಕೂತಿದ್ದೆ. ಶುಕ್ರವಾರದಿಂದ ಮೈಯಲ್ಲಿ ಸೇರಿದ ನೀರು ಮಂಗಳವಾರ ಹೊರಗೆ ಹೋಗಲೇಬೇಕು, ನಿನಗೆ ಗೊತ್ತಲ್ಲ. ಕಾಲು ಬಾತಿದ್ದವು, ಮಾತಿನ ನಡುವೆ ಏದುಸಿರು ಬರುತ್ತಿತ್ತು. ಪಕ್ಕದ ಹೊಲದಲ್ಲಿ ಒಣದ್ರಾಕ್ಷಿ ಮಾಡುವ ಶೆಡ್ಡು ಇತ್ತು. ಅಲ್ಲಿಯ ಹೆಂಗಸರು ಬಂದು ಇಬ್ಬರನ್ನೂ ಕೈಹಿಡಿದು ನಡೆಸಿಕೊಂಡು ಹೋಗಿ, ದ್ರಾಕ್ಷಿ ಹರಡಿದ ಬಲೆಗಳ ಕೆಳಗೆ ಗೋಣಿತಾಟಿನ ಮೇಲೆ ಮಲಗಿಸಿದರು. ಕೊನೆಗೆ ಅದೇ ಶೆಡ್ಡಿನ ಮಾಲು ಸಾಗಿಸುವ ಗಾಡಿಯಲ್ಲಿ, ಪೆಟ್ಟಿಗೆಗಳ ನಡುವೆ ಕೂತು ಆಸ್ಪತ್ರೆ ಮುಟ್ಟಿದೆವು. ಅಷ್ಟರಲ್ಲಿ ಪಾಳಿ ಅರ್ಧ ಕಳೆದಿತ್ತು. ಮುಂದಿನ ಪಾಳಿಯವರು ಕಾಯುತ್ತಿದ್ದುದರಿಂದ ಇಬ್ಬರಿಗೂ ಅರ್ಧದಷ್ಟೇ ಡಯಾಲಿಸಿಸ್ ಮಾಡಿ ಎಬ್ಬಿಸಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಶುಕ್ರವಾರದ ಪಾಳಿ ಯಾವ ಕಾರಣಕ್ಕೂ ತಪ್ಪಬಾರದು, ಈ ಸಲ ತಪ್ಪಿದರೆ ಹೃದಯದ ಮೇಲೆ ಬರುತ್ತದೆ ಎಂದು ಮೆಲ್ಲಗೆ ಹೇಳಿದರು. ಅವರು ಮೆಲ್ಲಗೆ ಹೇಳಿದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು.

ನನ್ನ ಸ್ವಭಾವ ನಿನಗೆ ಗೊತ್ತು, ಹೆದರಿದಾಗ ಓದುತ್ತೇನೆ. ಸಂಜೆ ಲಾಡಲೇಸಾಬ ನೀರು ತುಂಬಿಸಿಕೊಂಡು ಗಾಡಿಯನ್ನು ಮೆಲ್ಲಗೆ ನಡೆಸಿ ಊರಿಗೆ ತಂದ ಮೇಲೆ, ಮುಂದಿನ ಖಾನೆಯಲ್ಲಿದ್ದ ಕಂಪನಿಯ ಕೈಪಿಡಿಯನ್ನು ತೆಗೆದುಕೊಂಡು ಬಂದು ಓದಿದೆ. ನಮ್ಮ ಈ ಮಾದರಿಗೆ ಎರಡು ವರ್ಷಕ್ಕೊಮ್ಮೆ ಅಥವಾ ನಲವತ್ತು ಸಾವಿರ ಕಿಲೋಮೀಟರಿಗೊಮ್ಮೆ, ಯಾವುದು ಮೊದಲು ಬರುತ್ತದೋ ಆಗ, ಹಳೆಯ ಕೂಲಂಟನ್ನು ಪೂರ್ತಿ ಇಳಿಸಿ, ತೊಳೆದು, ಹೊಸದು ಹಾಕಬೇಕೆಂದು ಸ್ಪಷ್ಟವಾಗಿ ಬರೆದಿದೆ. ಹೊಸ ಗಾಡಿಗಳಿಗೆ ಬರುವ ಕೆಲವು ಬಗೆಯ ಕೂಲಂಟು ಐದು ವರ್ಷ ಅಥವಾ ಇನ್ನೂ ಹೆಚ್ಚು ಬಾಳುತ್ತದಂತೆ. ಆದ್ದರಿಂದ ಆಯಾ ಗಾಡಿಯ ಪುಸ್ತಕ ಹೇಳಿದ್ದೇ ಸರಿ. ತೊಟ್ಟಿಯಲ್ಲಿ ಮಟ್ಟ ಸರಿಯಾಗಿ ಕಂಡರೂ ಅದರೊಳಗಿನ ತುಕ್ಕು ತಡೆಯುವ ಗುಣ ವರ್ಷ ಕಳೆದಂತೆ ಸಾಯುತ್ತದೆ. ಅದಕ್ಕೆ ನೀರು ಬೆರೆಸುತ್ತ ಹೋದರೆ ಇನ್ನೂ ಬೇಗ ಸಾಯುತ್ತದೆ, ಬೇಗ ಕುದಿಯುತ್ತದೆ. ನಿಮ್ಮಲ್ಲಿ ಎಂಜಿನ್ನಿನೊಳಗೆ ನೀರು ಹೆಪ್ಪುಗಟ್ಟದ ಹಾಗೆ ಕಾಯುವುದೂ, ನಮ್ಮಲ್ಲಿ ಕುದಿಯದ ಹಾಗೆ ಕಾಯುವುದೂ ಒಂದೇ ದ್ರವ ಎಂಬುದನ್ನು ಅಲ್ಲೇ ಓದಿದೆ. ನಿನಗೆ ಇದು ಮೊದಲೇ ಗೊತ್ತಿದ್ದೀತು. ಹೋಗುವ ಮುಂಚೆ ಗಾಂಧಿ ಚೌಕದ ಹತ್ತಿರ ಬಿಸಿಲಲ್ಲಿ ನಿಂತು ಹೊಸದು ಹಾಕಿಸಿದ್ದೆಯಲ್ಲ. ಆಗ ಇನ್ನೂ ಕೋವಿಡ್ ಕಾಲ, ಮುಖಕ್ಕೆ ಬಟ್ಟೆ ಕಟ್ಟಿದ್ದೆ. ಅಲ್ಲಿಂದ ಎಣಿಸಿದರೆ ಒಂದಲ್ಲ, ಎರಡನೆಯ ಅವಧಿಯೂ ಮುಗಿಯುತ್ತ ಬಂದಿದೆ.

ಹಾಗಾದರೆ ಇಷ್ಟು ದಿನ ಆ ಗಾಡಿಯೊಳಗೆ ಏನಿತ್ತು? ಇದನ್ನು ಕೇಳಿದರೆ ನೀನು ನಗುವೆಯೋ ತಲೆ ಚಚ್ಚಿಕೊಳ್ಳುವೆಯೋ ಗೊತ್ತಿಲ್ಲ. ಪ್ರತಿ ಅಮಾವಾಸ್ಯೆಗೆ ಸಮಿತಿಯವರು ಗಾಡಿ ತೊಳೆದು, ಹೂವಿನ ಹಾರ ಹಾಕಿ, ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಾರೆ. ಪೂಜೆಯಾದ ಮೇಲೆ ಬಸ್ ನಿಲ್ದಾಣದ ಎದುರಿನ ಅರವಟ್ಟಿಗೆಯಿಂದ ಒಂದು ಕೊಡ ನೀರು ತಂದು, ಕಡಿಮೆಯಾದಷ್ಟನ್ನು ಕೂಲಂಟಿನ ತೊಟ್ಟಿಗೆ ತುಂಬುತ್ತಾರೆ. ದಾರಿಹೋಕರು ಕುಡಿಯುವ ಪುಣ್ಯದ ನೀರು, ರೋಗಿಗಳ ಗಾಡಿಗೆ ಇದಕ್ಕಿಂತ ಒಳ್ಳೆಯದು ಯಾವುದು ಎಂಬ ಭಾವನೆ. ಕೊಡ ಹೊತ್ತು ತರುವ ಸರದಿಗೆ ಮನೆಮನೆಯವರು ಮುಂದಾಗುತ್ತಾರೆ. ನನ್ನಾಣೆ, ಆ ಭಕ್ತಿಯನ್ನು ನಾನು ಹಾಸ್ಯ ಮಾಡುವುದಿಲ್ಲ. ಆದರೆ ಅದು ಕೊಳವೆಬಾವಿಯ ಸವಳು ನೀರು. ನಮ್ಮ ಚಹಾದ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿಸುವ ನೀರು ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಬಿಟ್ಟೀತೇ? ಅಲ್ಲದೆ, ಮೇಲಿಂದ ಮೇಲೆ ಕಡಿಮೆಯಾಗುತ್ತಿತ್ತು ಎಂದರೆ ಅದು ಎಲ್ಲೋ ಸೋರಿ ಹೋಗುತ್ತಿತ್ತು ಎಂದರ್ಥ. ಎಲ್ಲಿಗೆ ಎಂದು ಒಬ್ಬರೂ ಬಗ್ಗಿ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಸಮಿತಿಯ ಅಧ್ಯಕ್ಷರಾದ ತುಕಾರಾಮ ಕಾಕಾನ ಮನೆಗೆ ಹೋದೆ. ಚಹಾ ಕೊಟ್ಟು ಕೂರಿಸಿದರು, ಅವ್ವನನ್ನು ವಿಚಾರಿಸಿದರು, ಕಣ್ಣಲ್ಲಿ ನೀರು ತಂದುಕೊಂಡರು. ಎಲ್ಲ ನಿಜವೇ. ಆದರೆ ಕೂಲಂಟ್ ಬದಲಿಸಿದ್ದು ಯಾವಾಗ ಎಂದು ಕೇಳಿದರೆ, "ಕಡಿಮಿ ಆದಾಗೆಲ್ಲ ಹಾಕಾಕತ್ತೇವಲ್ಲ ತಂಗಿ, ಒಂದ್ ಅಮಾಸಿನೂ ತಪ್ಪಿಲ್ಲ" ಎಂದರು. ಹಾಕುವುದು ಬೇರೆ, ಬದಲಿಸುವುದು ಬೇರೆ ಎಂದೆ. "ನೀ ಭಾಳ ಓದೀದಿ, ನಿನ್ನ ಕೂಡ ನಾ ಮಾತಾಡಾಕ ಆಗೂದಿಲ್ಲ" ಎಂದು ನಕ್ಕರು. ಗ್ಯಾರೇಜಿಗೆ ಹಾಕಿ, ಸೋರುವುದನ್ನು ಸರಿಮಾಡಿಸಿ, ಒಳಗೆಲ್ಲ ತೊಳೆಸಿ, ಆಮೇಲೆ ಹೊಸದು ತುಂಬಿಸಿ ಎಂದೆ. ಬಾಟಲಿ ನಾನೇ ತರುತ್ತೇನೆಂದೂ ಹೇಳಿದೆ. "ಗಾಡಿ ಒಂದಿನ ನಿಂತ್ರ ಉಳಿದ ರೋಗಿಗಳ ಗತಿ ಏನು? ಈಗ ನೀರ ತುಂಬೇವಿ, ಓಡಾಕತ್ತೈತಿ" ಎಂದರು. ಬಿಡದೆ ಮತ್ತೆ ಕೇಳಿದಾಗ ಮಾತು ಹೊರಳಿತು: "ಗಾಡಿ ಕೊಟ್ಟಾಂವ ಸಮ್ಯಕ್. ಲೆಕ್ಕ ಕೇಳೂದಾದ್ರ ಅಂವ ಕೇಳಲಿ, ಅವಗ ಹೇಳ್ತೇವಿ."

ಅಲ್ಲಿಂದ ಬರುವಾಗ ನನಗೆ ಹಳೆಯದೆಲ್ಲ ನೆನಪಾಯಿತು. ನೀನು ಆಗ ಚಡ್ಡಿ ಹಾಕುವ ವಯಸ್ಸು. ಊರವರು ಚಂದಾ ಎತ್ತಿ ರೋಗಿಗಳಿಗೆಂದು ಜೀಪು ತಂದಿದ್ದರು. ಒಂದು ಬೇಸಿಗೆಯಲ್ಲಿ ಅದರ ಎಂಜಿನ್ನು ಸುಟ್ಟು, ಗೋದಾಮಿನ ಹಿಂದೆ ನಿಂತಿದ್ದು ಮತ್ತೆ ಹೊರಡಲೇ ಇಲ್ಲ. ಅಪ್ಪ ಸಭೆಯಲ್ಲಿ ಎದ್ದು ಯಾಕೆ ಹೀಗಾಯಿತು ಎಂದು ಕೇಳಿದ. ಆಮೇಲೆ ನೋಡೋಣ ಎಂದರು. ಆ ಆಮೇಲೆ ಬರುವ ಮುಂಚೆ ಅಪ್ಪ ಹೋದ. ಒಳ್ಳೆಯ ಕೆಲಸ ಮಾಡುವವರನ್ನು ಪ್ರಶ್ನೆ ಕೇಳಬಾರದು ಎಂಬ ರೂಢಿ ನಮ್ಮೂರಲ್ಲಿ ಬಹಳ ಹಳೆಯದು. ಅವರು ಕೆಟ್ಟವರೂ ಅಲ್ಲ, ಅದೇ ಕಷ್ಟ.

ನಾಳೆ ಶುಕ್ರವಾರ. ಮೊನ್ನೆಯಿಂದ ಕುಕ್ಕರ್ ಸೀಟಿ ಹೊಡೆದರೂ ಓಡಿಹೋಗಿ ಅವ್ವನನ್ನು ನೋಡಿಬರುತ್ತೇನೆ. ಬಸ್ಸಿನಲ್ಲಿ ಕರೆದೊಯ್ಯೋಣವೆಂದರೆ ಡಯಾಲಿಸಿಸ್ ಮುಗಿದ ಮೇಲೆ ಅವ್ವನಿಗೆ ನಿಲ್ಲಲೂ ಆಗುವುದಿಲ್ಲ. ನಾಳೆಯ ಮಟ್ಟಿಗೆ ಬಾಡಿಗೆ ಕಾರು ಹೇಳಿದ್ದೇನೆ. ಅವ್ವನಿಗೆ ಇನ್ನೂ ತಿಳಿಸಿಲ್ಲ. ನೀನು ಸಮಿತಿಗೆ ನಿನ್ನ ಕೈಯಾರೆ ನಾಲ್ಕು ಸಾಲು ಬರೆದು ಕಳಿಸು. ಕೊಟ್ಟವನು ನೀನು, ನಿನ್ನ ಮಾತಿಗೆ ಬೆಲೆ ಇದೆಯಂತೆ.

ಅಲ್ಲಿಯ ಗುಡ್ಡಗಳು ನಿನ್ನನ್ನು ಜೋಪಾನವಾಗಿ ಇಳಿಸಿ ಕಳಿಸಲಿ. ಅವ್ವ ನಿನ್ನ ತಲೆ ಸವರಿದ್ದಾಳೆಂದು ತಿಳಿ.

ನಿನ್ನ ಅಕ್ಕ,
ಆಮ್ರಪಾಲಿ

ತಾ.ಕ.: ಶುಕ್ರವಾರ ಬೆಳಿಗ್ಗೆ, ಅವಸರದಲ್ಲಿ. ಬಾಡಿಗೆ ಕಾರು ಬಂದು ನಿಂತಿದೆ. ಅವ್ವ ಮಾತ್ರ ಸಮಿತಿಯ ಗಾಡಿಯಲ್ಲೇ ಹತ್ತಿ ಕೂತುಬಿಟ್ಟಿದ್ದಾಳೆ. "ನನ್ನ ಮಗಾ ಕೊಟ್ಟ ಗಾಡಿ, ಅದು ನನಗೇನ್ ಮಾಡ್ತೈತಿ? ಮಾಬುಬಿ ಅಲ್ಲಿ ಕಾಯಾಕತ್ತಾಳ, ಬಾ" ಎನ್ನುತ್ತಾಳೆ. ನಿನ್ನ ಹೆಸರಿನ ಮೇಲೆ ಅವಳಿಗಿರುವ ನಂಬಿಕೆಯನ್ನು ನಾನು ಯಾವ ಪುಸ್ತಕ ತೋರಿಸಿ ಅಲುಗಿಸಲಿ? ಬಾಡಿಗೆ ಕಾರನ್ನು ಹಿಂದಿನಿಂದಲೇ ಬರಲು ಹೇಳಿದ್ದೇನೆ. ನಾನು ಅವಳ ಪಕ್ಕ ಕೂತು ಆ ಕೆಂಪು ದೀಪವನ್ನೇ ನೋಡುತ್ತ ಹೋಗುತ್ತೇನೆ. ಮೇಲೆ ಬರೆದ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೀನು ಸಮಿತಿಗೆ ಏನೂ ಬರೆಯಬೇಡ. ಕೇಳುವ ಹಕ್ಕು ಗಾಡಿ ಕೊಟ್ಟವನದಲ್ಲ, ಅದರಲ್ಲಿ ಜೀವ ಇಟ್ಟು ಕೂತವರದು. ಈ ಭಾನುವಾರ ಅಮಾವಾಸ್ಯೆ, ಊರೆಲ್ಲ ಗಾಡಿಯ ಮುಂದೆ ಸೇರಿರುತ್ತದೆ. ಕಾಯಿ ಒಡೆಯುವ ಮುಂಚೆ ನಾನು ಎದ್ದುನಿಂತು ಕೇಳುತ್ತೇನೆ, ಇಲ್ಲಿಯೂ ಬರೆದಿಡುತ್ತೇನೆ: ಸಹಾಯ ಸಮಿತಿಯ ಅಧ್ಯಕ್ಷರೇ, ಈ ಗಾಡಿಯ ಕೂಲಂಟನ್ನು ಪೂರ್ತಿ ಇಳಿಸಿ ಹೊಸದು ಹಾಕಿಸಿದ್ದು ಯಾವ ತಿಂಗಳು, ಯಾವ ವರ್ಷ? ಹಾಕಿಸಿಲ್ಲವಾದರೆ, ಹಾಕಿಸುವವರೆಗೆ ಇದರಲ್ಲಿ ರೋಗಿಗಳನ್ನು ಕೂರಿಸುವ ಅಧಿಕಾರ ನಿಮಗೆ ಯಾರು ಕೊಟ್ಟರು? ಮನೆಗೆ ಕರೆದು ಚಹಾ ಕೊಟ್ಟು ಹೇಳಬೇಡಿ. ಇಲ್ಲೇ, ಎಲ್ಲರ ಮುಂದೆ, ಉತ್ತರ ಕೊಡಿ.