ರೇಡಿಯೋ ಬೆನ್ನಿನ ಅರಗಿನ ಮುದ್ರೆ

ಶಿವಮೊಗ್ಗ
೨೩ ಅಕ್ಟೋಬರ್ ೧೯೪೫, ಮಂಗಳವಾರ
ರೇಡಿಯೋ ಮೂಕವಾಗಿ ಇಂದಿಗೆ ಒಂಬತ್ತು ದಿನ.

ಚಿ. ಸೌ. ಸೀತಾಳಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು.

ಈ ಶುಕ್ರವಾರ ಸಂಜೆ ಆರೂವರೆಗೆ ಮೈಸೂರಿನ ರೇಡಿಯೋದಲ್ಲಿ ಹಾಡುತ್ತೇನೆಂದು ನೀನು ಬರೆದ ಕಾರ್ಡು ಆಯುಧಪೂಜೆಗೆ ಮೊದಲೇ ಬಂದಿತ್ತು. ಉತ್ತರ ತಡವಾಯಿತು, ಬೇಸರಪಡಬೇಡ. ‘ಕೇಳುತ್ತೇವೆ’ ಎಂದು ಬರೆಯಲು ಕೂತಾಗಲೆಲ್ಲ ಅದು ಸುಳ್ಳಾದೀತೆಂದು ನಿಲ್ಲಿಸಿಬಿಟ್ಟೆ.

ಪೂಜೆಯ ದಿನ ನಿನ್ನ ತಾಯಿ ಈಳಿಗೆಮಣೆ, ಹೊಲಿಗೆ ಯಂತ್ರಗಳನ್ನು ಮುಗಿಸಿ ರೇಡಿಯೋಗೂ ಕುಂಕುಮ ಇಟ್ಟಳು. ಮಗಳ ದನಿ ಬರುವ ಪೆಟ್ಟಿಗೆಯೆಂದು ಹಸಿ ಅಕ್ಷತೆಯನ್ನು ಧಾರಾಳವಾಗಿಯೇ ಹಾಕಿದಳು. ಒರೆಸಲೆಂದು ತಿರುಗಿಸಿದ್ದ ಪೆಟ್ಟಿಗೆ ಹಾಗೆಯೇ ಇತ್ತು. ಬೆನ್ನಿನ ಹಲಗೆಯ ತೂತುಗಳಿಂದ ಅಕ್ಷತೆ ಒಳಗೆ ಹೋಯಿತು. ಸಂಜೆ ಗುಂಡಿ ತಿರುಗಿಸಿದಾಗ ಚಟ್ ಎಂದಿತು, ಅಷ್ಟೇ.

ಅದನ್ನು ಮಾರಿದ ಅಂಗಡಿಯ ಷಡಕ್ಷರಪ್ಪನವರು ಹಲಗೆಯ ಮೇಲಿನ ಅರಗಿನ ಮುದ್ರೆಯನ್ನು ಬೆರಳಿನಿಂದ ಸವರಿ, ಅದು ಭದ್ರವಾಗಿರುವುದಕ್ಕೆ ಸಂತೋಷಪಟ್ಟರು. “ಬೆಂಗಳೂರಿಗೆ ಕಳಿಸ್ಬೇಕು ಮೇಷ್ಟ್ರೇ, ಒಂದೂವರೆ ತಿಂಗಳು. ಬೇರೆಯವರು ಮುದ್ರೆ ಒಡೆದ್ರೆ, ಮುಂದೆ ಒಳಗಿನ ಗಾಜಿನ ವಾಲ್ವ್ ಸುಟ್ಟುಹೋದ್ರೂ ಕಂಪನಿ ಬೇರೆಯದು ಕೊಡಲ್ಲ, ಹೊರಗೆ ಸಿಗೋದೂ ಇಲ್ಲ. ನೀವೇ ಓದಿ ರುಜು ಹಾಕಿದೀರಿ.”

ಹಾಕಿದ್ದೇನೆ. ಹನ್ನೊಂದನೆಯ ಷರತ್ತು. ಆ ಕಾಗದವನ್ನು ಪೂರ್ತಿ ಓದಿ ರುಜು ಹಾಕಿದ ಗಿರಾಕಿ ಬಹುಶಃ ನಾನೊಬ್ಬನೇ.

ಭಾನುವಾರ ಭದ್ರಾವತಿಯಿಂದ ಲಿಂಗಪ್ಪ ಬಂದಿದ್ದ. ನನ್ನ ಹಳೆಯ ಶಿಷ್ಯ. ಈಗ ಕಬ್ಬಿಣದ ಕಾರ್ಖಾನೆಯಲ್ಲಿ ವಿದ್ಯುತ್ ಕೆಲಸಗಾರ. ಪೆಟ್ಟಿಗೆಯನ್ನು ಎತ್ತಿ ಕಿವಿಯ ಹತ್ತಿರ ಅಲುಗಿಸಿದ.

“ಒಳಗೆ ಅಕ್ಕಿ ಐತಲ್ಲ ಮೇಷ್ಟ್ರೇ! ಪಾಯಸ ಮಾಡ್ಬೋದು. ಹತ್ತು ನಿಮಿಷದ ಕೆಲ್ಸ, ಬಿಚ್ಚಲಾ?”

“ರುಜು ಹಾಕಿದೀನಪ್ಪ.”

“ಪೆಟ್ಟಿಗೆ ನಿಮ್ಮದೋ, ಅವರದೋ?”

“ನನ್ನದೇ.”

“ಮತ್ತೆ ಮುದ್ರೆ ಯಾಕೆ ಅವರದು?”

ನಿನ್ನ ತಾಯಿ ಒಳಗಿನಿಂದಲೇ, “ಅಕ್ಷತೆ ನಮ್ಮನೇದು ತಾನೆ? ವಾಪಸ್ ತಗೊಳ್ಳೋಕೂ ಕಂಪನೀನ ಕೇಳ್ಬೇಕಾ?” ಎಂದಳು.

ಯಾರ ಮಾತು ಸರಿಯೋ ತಿಳಿಯುತ್ತಿಲ್ಲ. ನಾನು ಓದಿರುವ ಅನುವಾದದ ಕಾದಂಬರಿಗಳಲ್ಲಿ ದೊಡ್ಡ ದೊಡ್ಡ ಒಪ್ಪಂದಗಳನ್ನು ಮುರಿದು ಕೆಟ್ಟವರಿದ್ದಾರೆ, ಪಾಲಿಸಿ ಕೆಟ್ಟವರೂ ಇದ್ದಾರೆ. ಒಂದು ಹಿಡಿ ಅಕ್ಕಿಗಾಗಿ ಮುರಿದವರು ಸಿಕ್ಕಿಲ್ಲ. ಮುದ್ರೆ ಒಡೆದರೆ ನಿನ್ನ ಹಾಡು ಕೇಳೀತು, ಆದರೆ ಮುಂದೊಂದು ದಿನ ಪೆಟ್ಟಿಗೆ ಶಾಶ್ವತವಾಗಿ ಮೂಕವಾದೀತು. ಒಡೆಯದಿದ್ದರೆ ಶುಕ್ರವಾರ ಕಳೆದುಹೋಗುತ್ತದೆ.

ಅಳಿಯಂದಿರಿಗೆ ಕ್ಷೇಮ ತಿಳಿಸು. ಹಾಡುವ ಮುಂಚೆ ತಣ್ಣೀರು ಕುಡಿಯಬೇಡವೆಂದು ನಿನ್ನ ತಾಯಿ ಹೇಳುತ್ತಿದ್ದಾಳೆ. ನಿನಗೆ ಒಳ್ಳೆಯದಾಗಲಿ.

ನಿನ್ನ ತಂದೆ
ಯಜ್ಞನಾರಾಯಣ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಅಜ್ಜಿ ನಿನಗೆಂದೇ ಕೊಟ್ಟ ಹಾರ್ಮೋನಿಯಂ ಪೆಟ್ಟಿಗೆಗೆ, ಪರೀಕ್ಷೆ ಮುಗಿಯುವವರೆಗೆ ಎಂದು ಬೀಗ ಹಾಕಿದವನು ನಾನು. ಪರೀಕ್ಷೆ ಮುಗಿದು ಆರು ವರ್ಷವಾಯಿತು, ಬೀಗ ಇಲ್ಲಿ ಹಾಗೆಯೇ ಇದೆ. “ಅದು ನನ್ನದಲ್ವಾ ಅಪ್ಪ?” ಎಂದು ನೀನು ಒಂದೇ ಸಲ ಕೇಳಿದೆ. ಮದುವೆಯಾಗಿ ಹೊರಡುವಾಗ ಅದರತ್ತ ನೋಡಲೂ ಇಲ್ಲ. ಗುರುವಾರ ಪಾಳಿ ಮುಗಿಸಿ ಲಿಂಗಪ್ಪ ಬರುತ್ತಾನೆ. ಮುದ್ರೆಯನ್ನು ನನ್ನ ಕೈಯಿಂದಲೇ ಒಡೆಯುವುದೆಂದು ತೀರ್ಮಾನಿಸಿದ್ದೇನೆ. ಹಾರ್ಮೋನಿಯಂ ಬೀಗದ ಕೈಯನ್ನು ಈ ಕಾಗದದ ಜೊತೆಗೇ ಕಳಿಸುವುದೆಂದೂ. ಲಕೋಟೆ ಇನ್ನೂ ಅಂಟಿಸಿಲ್ಲ. ಬೀಗದ ಕೈ ಮೇಜಿನ ಮೇಲಿದೆ.